ಹಣ್ಣಾಗದ ಹುಳು

ಮೂವತ್ತನಾಲ್ಕನೇ ದಿನಕ್ಕೂ ಹುಳು ಹಣ್ಣಾಗಲಿಲ್ಲ.

ರೇಷ್ಮೆ ಸಾಕುವವರಿಗೆ ಇಷ್ಟು ಹೇಳಿದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಮಿಕ್ಕವರಿಗಾಗಿ ಎರಡು ಮಾತು ಹೇಳಲೇಬೇಕು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ಮೇವು ಬಿಟ್ಟು ಸುಮ್ಮನೆ ಮಲಗುವುದರಿಂದ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಬಕಾಸುರನ ಹಾಗೆ ಮೇಯುತ್ತದೆ. ಆಮೇಲೆ ಒಂದು ಬೆಳಿಗ್ಗೆ ಸೊಪ್ಪು ಮುಟ್ಟುವುದಿಲ್ಲ. ಮೈ ತಿಳಿಯಾಗುತ್ತದೆ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಹುಳು ಹಣ್ಣಾಯಿತು ಎನ್ನುವುದು ಆಗ. ಅಂಥವನ್ನು ಆರಿಸಿ ಬಿದಿರಿನ ಸುರುಳಿ ಹೆಣೆದ ಚಂದ್ರಿಕೆಗೆ ಬಿಡಬೇಕು. ಹಳದಿ ನಾಡತಳಿಯಾದರೆ ಇದೆಲ್ಲ ಇಪ್ಪತ್ತೆಂಟನೇ ದಿನಕ್ಕೆ ಮುಗಿಯಬೇಕು. ತೀರಾ ಚಳಿಯಿದ್ದರೆ ಮೂವತ್ತಕ್ಕೆ.

ಹೊಂಬಾಳಮ್ಮನ ಸಾಕಣೆ ಮನೆಯ ಆರು ತಟ್ಟೆಗಳಲ್ಲಿ ಹುಳುಗಳು ಬೆರಳು ಗಾತ್ರ ಊದಿಕೊಂಡು, ಹಾಕಿದ ಸೊಪ್ಪನ್ನೆಲ್ಲ ಕರಕರ ಮೇಯುತ್ತ, ಇನ್ನೂ ಹಾಕು ಎಂಬಂತೆ ಬಿದ್ದಿದ್ದವು.

"ಇವಕ್ಕೆ ದೊಡ್ಡೋರಾಗೋಕೆ ಇಷ್ಟ ಇಲ್ಲ ಕಣೆ ವನಜಾ," ಎಂದಳು ಹೊಂಬಾಳಮ್ಮ. ಎಪ್ಪತ್ತೆಂಟು ವರ್ಷದ ಕೈ ಒಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿದಿತ್ತು. "ನೋಡು, ಮೈಯೆಲ್ಲ ಮಣ್ಣುಮುದ್ದೆ ಇದ್ದಂಗೈತೆ. ಹೋದ ಬೆಳೇಲೂ ಹಿಂಗೇ ಆಯ್ತು. ಅದರ ಹಿಂದ್ಲುದ್ರಲ್ಲೂ ಅಷ್ಟೇಯ. ನಾಕೈದ್ ಗೂಡು ಬಿಟ್ರೆ ಮಿಕ್ಕೋವೆಲ್ಲ ತಿಂದು ತಿಂದು ಸತ್ತೋದ್ವು."

ವನಜಾಕ್ಷಿಯ ಬಳಿ ಸೊಸೆಯಾಗಿ ಕೊಡಬಹುದಾದ ಸಮಾಧಾನ ಮುಗಿದಿತ್ತು. ಪೇಟೆಯ ವಿಷಾಂಶ ಪರೀಕ್ಷಾ ಕೇಂದ್ರದಲ್ಲಿ ಇಪ್ಪತ್ತು ವರ್ಷ ದುಡಿದ ರಸಾಯನ ತಜ್ಞೆಯಾಗಿ ಕೊಡಬೇಕಾದ ಉತ್ತರ ಅವಳಿಗೇ ಗೊತ್ತಿರಲಿಲ್ಲ. ಎರಡು ಸಲ ಸೊಪ್ಪು ಒಯ್ದು ಪರೀಕ್ಷೆ ಮಾಡಿದ್ದಳು. ಎರಡು ಸಲವೂ ಯಂತ್ರ "ಮಿತಿಯೊಳಗೆ" ಎಂದು ಉಗುಳಿತ್ತು. ಮಿತಿಯೊಳಗಂತೆ. ಹುಳುವಿಗೆ ಹೋಗಿ ಹೇಳು.

ಹುಣಸೆಗುಂಟೆ ಬಿತ್ತನೆಯ ಊರು. ನೂಲಿಗಲ್ಲ, ತಳಿ ಉಳಿಸಲು ಗೂಡು ಬೆಳೆಯುತ್ತಿದ್ದ ನಲವತ್ತು ಮನೆಗಳಿದ್ದವು. ನಾಡತಳಿಯ ಒಂದು ಫಜೀತಿಯೆಂದರೆ ಅದರ ಮೊಟ್ಟೆಯನ್ನು ಬಿಳಿ ತಳಿಯ ಮೊಟ್ಟೆಯ ಹಾಗೆ ತಿಂಗಳುಗಟ್ಟಲೆ ಎತ್ತಿಡುವಂತಿಲ್ಲ. ಹತ್ತು ದಿನಕ್ಕೆ ಒಡೆದು ಮರಿ ಬಂದೇ ಬರುತ್ತದೆ. ತಳಿ ಉಳಿಯಬೇಕಾದರೆ ಎಲ್ಲಾದರೂ ಒಂದು ಮನೆಯಲ್ಲಿ ವರ್ಷದ ಹನ್ನೆರಡು ತಿಂಗಳೂ ಹುಳು ಮೇಯುತ್ತಿರಬೇಕು. ಮೂರು ವರ್ಷದಿಂದ ಒಂದೊಂದೇ ಮನೆ ಕೈಬಿಟ್ಟಿತು. ಹಲವರು ಹೊರಗಿನಿಂದ ಬಿಳಿ ಹುಳು ತಂದರು. ಅವೂ ತಡವಾಗುತ್ತಿದ್ದವು, ಗೂಡು ತೆಳ್ಳಗಾಗುತ್ತಿತ್ತು, ಆದರೂ ಹೇಗೋ ಕಟ್ಟುತ್ತಿದ್ದವು. ಹಳದಿಯಲ್ಲಿ ಮಾತ್ರ ಕಟ್ಟುವವು ಬೆರಳೆಣಿಕೆಗೆ ಇಳಿದವು. ಈಗ ಇಡೀ ನಾಡಿನಲ್ಲಿ ಆ ತಳಿ ಉಳಿದಿದ್ದು ಈ ಆರು ತಟ್ಟೆಗಳಲ್ಲಿ. ಇವು ಗೂಡು ಕಟ್ಟದಿದ್ದರೆ ಮುಂದಿನ ಮೊಟ್ಟೆಯಿಲ್ಲ. ಅಲ್ಲಿಗೆ ಮುಗಿಯಿತು.

*

"ಮಿತಿಯೊಳಗ ಅದ ಅಂದ ಮ್ಯಾಲೆ ಇನ್ನೇನ್ರೀ ವನಜಾಕ್ಷಿಯವರ?" ಎಂದರು ಕೇಂದ್ರದ ಉಪನಿರ್ದೇಶಕ ಇನಾಮದಾರ. ಧಾರವಾಡದವರು, ಒಳ್ಳೆಯವರು, ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. "ಮೂರನೇ ಸಲ ಅದ ಸೊಪ್ಪು ತಂದೀರಿ. ಯಂತ್ರಕ್ಕೂ ಬ್ಯಾಸರಾಗ್ತದ."

"ಸರ್, ಯಂತ್ರ ತೋಟಕ್ಕೆ ಹೊಡೆಯೋ ಔಷಧಿ ಇದೆ ಅನ್ನುತ್ತೆ, ಎಷ್ಟಿದೆ ಅನ್ನುತ್ತೆ. ಯಾವ ಕೈಯದು ಅಂತ ಹೇಳಲ್ಲ."

"ಯಾವ ಕೈಯದು ಅಂದ್ರ? ಬಲಗೈದ ಇರಬೇಕಲ್ಲ? ಎಡಗೈದು ಮಾರಾಟದಾಗ ಎಲ್ಲ್ಯದ?"

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಲವು ಕೀಟನಾಶಕಗಳ ಅಣು ಎರಡು ರೂಪದಲ್ಲಿ ಇರುತ್ತದೆ. ಅದೇ ಭಾಗಗಳು, ಅದೇ ಜೋಡಣೆ, ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇದ್ದ ಹಾಗೆ. ಎರಡರ ತೂಕವೂ ಒಂದೇ, ಚರ್ಮವೂ ಒಂದೇ. ತಕ್ಕಡಿಗೆ ಎಡ ಬಲ ತಿಳಿಯುವುದಿಲ್ಲ, ಕಾಲಿಗೆ ತಿಳಿಯುತ್ತದೆ. ಗಿಡ, ಹುಳು, ಮಣ್ಣಿನ ಸೂಕ್ಷ್ಮಜೀವಿ ಎಲ್ಲವೂ ಕಾಲಿನ ಜಾತಿ. ಬಲಗೈ ರೂಪ ತಿಗಣೆಯನ್ನು ಕೊಂದರೆ ಎಡಗೈ ರೂಪ ಕೊಲ್ಲದೆ ಸುಮ್ಮನೆ ಬಿದ್ದಿರಬಹುದು. ಮಣ್ಣಿನ ಜೀವಿಗಳು ಬಲಗೈಯದನ್ನು ಹತ್ತೇ ದಿನದಲ್ಲಿ ತಿಂದು ತೇಗಿದರೆ ಎಡಗೈಯದನ್ನು ಮೂಸಿಯೂ ನೋಡದೆ ವರ್ಷಾನುಗಟ್ಟಲೆ ಬಿಡಬಹುದು. ಹಿಂದೆ ಕಾರ್ಖಾನೆಗಳು ಎರಡನ್ನೂ ಬೆರೆತ ಹಾಗೆಯೇ ಮಾರುತ್ತಿದ್ದವು, ಬೇರ್ಪಡಿಸುವುದು ಬಲು ಕಷ್ಟದ ಕೆಲಸ ಎಂದು.

ಹನ್ನೊಂದು ವರ್ಷದ ಹಿಂದೆ ಜರಡಿ ಬಂತು. ಒಂದು ಕೈಯ ಅಣುವನ್ನು ಮಾತ್ರ ಸೋಸಿ ಕೆಳಗೆ ಬಿಡುವ ತೆಳು ಹಾಳೆ. ಬೆಲೆ ಅಗ್ಗ, ಕೆಲಸ ಚುರುಕು. ಸರ್ಕಾರ ಕಾನೂನು ಮಾಡಿತು: ಇನ್ನು ಮೇಲೆ ಕೆಲಸ ಮಾಡುವ ಕೈ ಮಾತ್ರ ಮಾರಾಟಕ್ಕೆ. ಅರ್ಧ ಪ್ರಮಾಣದಲ್ಲಿ ಅದೇ ಫಲ, ಮಣ್ಣಿಗೆ ಅರ್ಧ ಹೊರೆ. ಹಿಪ್ಪುನೇರಳೆ, ದ್ರಾಕ್ಷಿ ಗಿಡಕ್ಕೆ ಬೀಳುವ ಹಿಟ್ಟುತಿಗಣೆಯನ್ನು ಕೊಲ್ಲುವ 'ಬಲಭದ್ರ' ಎಂಬ ಔಷಧಿ ಅಂಗಡಿಗೆ ಬಂದಿದ್ದು ಹಾಗೆ. ಊರವರು ಬಲಗೈ ಔಷಧಿ ಎಂದೇ ಕರೆದರು. ಎಲ್ಲರಿಗೂ ಖುಷಿ. ಖುಷಿ ಹೆಚ್ಚಾದಾಗ ಸರ್ಕಾರ ಮಾಡುವುದನ್ನೇ ಇಲ್ಲೂ ಮಾಡಿತು. ಎಡಗೈಯದು ಮಾರಾಟದಲ್ಲೇ ಇಲ್ಲದ ಮೇಲೆ ಹುಡುಕುವುದೇಕೆ ಎಂದು ಪರೀಕ್ಷಾ ಕೇಂದ್ರಗಳಿಂದ ಎಡಬಲ ತೋರಿಸುವ ಕೊಳವೆಗಳನ್ನು ತೆಗೆಸಿ ಹಾಕಿತು.

"ಸರ್, ಆ ಹಳೇ ಕೊಳವೆ ಒಂದು ಸಿಕ್ಕಿದ್ರೆ..."

"ಸಿಕ್ಕರೂ ಫಲಿತಾಂಶ ಎಲ್ಲಿ ಬರೀತೀರಿ? ನಮೂನೆಯೊಳಗ ಆ ಕಾಲಮ್ಮ ಇಲ್ಲ." ಇನಾಮದಾರರು ನಮೂನೆಯನ್ನು ತಿರುಗಿಸಿ ಹಿಂಬದಿಯನ್ನೂ ತೋರಿಸಿದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ವನಜಾಕ್ಷಿಯ ಹೊಟ್ಟೆ ಉರಿಸಿದ್ದು.

ಮಾರನೇ ದಿನ ಬೆಳಿಗ್ಗೆ ಅವಳು ಉಗ್ರಾಣಕ್ಕೆ ನುಗ್ಗಿದಳು. ಕೊಳವೆ ಸಿಕ್ಕಿತು. ಹನ್ನೊಂದು ವರ್ಷದಿಂದ ಅದರ ಉದ್ದನೆಯ ಪೆಟ್ಟಿಗೆ ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ತಡೆ ಕೊಡುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ, ಅದೊಂದು ಮೆಚ್ಚಬೇಕು.

ಕೊಳವೆಯೊಳಗಿನ ಪುಡಿಗೂ ಒಂದು ಕೈ ಉಂಟು. ಬಲಗೈಗೆ ಬಲಗೈ ಕೊಟ್ಟರೆ ಕುಲುಕಲು ಸಲೀಸು, ಎಡಗೈ ಕೊಟ್ಟರೆ ಹೊಂದುವುದಿಲ್ಲವಲ್ಲ, ಹಾಗೆಯೇ. ಹೊಂದುವ ಅಣು ಪುಡಿಗೆ ಅಂಟಿಕೊಂಡು ನಿಧಾನಕ್ಕೆ ಬರುತ್ತದೆ, ಹೊಂದದ್ದು ಜಾರಿಕೊಂಡು ಮೊದಲೇ ಹೊರಬೀಳುತ್ತದೆ. ಒಂದು ಕೈ ಇದ್ದರೆ ಪರದೆಯ ಮೇಲೆ ಒಂದು ಶಿಖರ, ಎರಡಿದ್ದರೆ ಎರಡು.

ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಒಂದು ಎತ್ತರದ ಶಿಖರ ಎದ್ದಿತು, ಅದರ ಹಿಂದೆ ಒಂದು ಸಣ್ಣ ಗುಬುಟು. ಸಣ್ಣದು ಬಲಗೈ. ಎತ್ತರದ್ದು ಎಡಗೈ. ಮಾರಾಟದಲ್ಲೇ ಇಲ್ಲದ್ದು ಅವಳ ಮನೆಯ ತೋಟದ ಸೊಪ್ಪಿನಲ್ಲಿ ತುಂಬಿಕೊಂಡಿತ್ತು.

ವನಜಾಕ್ಷಿ ಹಳೆಯ ಕಡತ ತೆಗೆದು ನೋಡಿದಳು. ಜರಡಿಗೆ ಮೊದಲಿನ ಒಂದು ವರದಿಯ ಮೂಲೆಯಲ್ಲಿ ನಾಲ್ಕು ಸಾಲು: ಈ ಅಣುವಿನ ಎಡಗೈ ರೂಪ ಹುಳುವಿನ ಮೈಯಲ್ಲಿ ಎಳೆತನ ಕಾಯುವ ರಸದಂತೆ ನಟಿಸುತ್ತದೆ. ನೀನಿನ್ನೂ ಚಿಕ್ಕದು, ಮೇಯುತ್ತಿರು ಎಂದು ಹುಳುವಿಗೆ ದಿನಾ ಸುಳ್ಳು ಹೇಳುತ್ತದೆ. ಹುಳು ನಂಬುತ್ತದೆ. ಅತ್ತೆ ಬರಿಗಣ್ಣಿನಿಂದ ನೋಡಿ ಹೇಳಿದ್ದು ಅಕ್ಷರಶಃ ಅದೇ.

ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಕಳ್ಳರು. ಸೋಸದೆ ಬೆರಕೆ ಮಾಲು ಮಾರುತ್ತಿದ್ದಾರೆ. ಅಲ್ಲೇ ಕೂತು ಇಲಾಖೆಗೆ, ಔಷಧಿ ಕಂಪನಿಗೆ ಖಾರವಾದ ಪತ್ರ ಬರೆದಳು. ಬರೆದು ಮುಗಿಸಿದಾಗ ಎಷ್ಟೋ ತಿಂಗಳ ಮೇಲೆ ಮೈ ಹಗುರಾದಂತಾಯಿತು. ಬೈಯಲು ಒಂದು ಮುಖ ಸಿಕ್ಕರೆ ಅರ್ಧ ಕಾಯಿಲೆ ವಾಸಿ.

*

"ನಮ್ಮ ತೋಟದ ಸೊಪ್ಪು ಇವತ್ತಿಂದ ಒಂದೆಲೆನೂ ಹಾಕ್ಬೇಡಿ ಅತ್ತೆಮ್ಮ," ಎಂದಳು ಸಂಜೆ ಬಸ್ಸಿಳಿದು ಬಂದವಳೇ.

"ಊರ ಸೊಪ್ಪೆಲ್ಲ ಒಂದೇ ಔಷಧಿ ಕುಡ್ದಿರೋದು. ಇನ್ನೆಲ್ಲಿ ತರಾನ? ನಿಮ್ಮ ಕಚೇರಿ ಮಾಡಿನ ಮ್ಯಾಲೆ ಬೆಳೀತೈತಾ?"

ಗಂಡ ಕೆಂಪರಾಜು ಕೈ ತೊಳೆಯುತ್ತ ನಿಂತಿದ್ದವನು ತಿರುಗಿದ. "ಕೆರೆ ಕೋಡಿ ಹತ್ರ ಹಳೇ ಹಿಪ್ಪುನೇರಳೆ ಮರ ಐತಲ್ಲವ್ವ. ಅದಕ್ಕೆ ಯಾರೂ ಹೊಡ್ದಿಲ್ಲ. ಯಾರ ತೋಟನೂ ಅಲ್ಲ ಅದು."

"ಒಂದು ಮರ. ಆರು ತಟ್ಟೆ."

ಆರು ತಟ್ಟೆಗೆ ದಿನಕ್ಕೆ ಎಷ್ಟು ಸೊಪ್ಪು ಬೇಕೆಂದು ಮೂವರಿಗೂ ಗೊತ್ತಿತ್ತು. ಹೊಂಬಾಳಮ್ಮ ಎದ್ದು ರೋಗ ಒಳಹೋಗದಂತೆ ಸಾಕಣೆ ಮನೆಯ ಹೊಸ್ತಿಲಲ್ಲಿಟ್ಟ ಸುಣ್ಣದ ನೀರಿನ ತಟ್ಟೆಯಲ್ಲಿ ಕಾಲದ್ದಿ ಒಳಗೆ ಹೋದಳು. ಅರ್ಧ ಗಂಟೆ ಕಳೆದು ಹೊರಗೆ ಬಂದಾಗ ಒಂದು ತಟ್ಟೆಯಷ್ಟು ಹುಳುವನ್ನು ಬೇರೆ ಮಾಡಿದ್ದಳು. ಚುರುಕಾದವನ್ನು ಒಂದೊಂದಾಗಿ ಆರಿಸಿದ್ದಳು.

"ಮಿಕ್ಕೋವು?" ಎಂದ ಕೆಂಪರಾಜು.

"ಮಿಕ್ಕೋವ್ಕೆ ಇದೇ ಸೊಪ್ಪು ಹಾಕು. ಸಾಯೋತಂಕ ಹೊಟ್ಟೆಗಾದ್ರೂ ಇರ್ಲಿ."

ವನಜಾಕ್ಷಿಗೆ ಆ ರಾತ್ರಿ ಊಟ ಸೇರಲಿಲ್ಲ. ಕೆಂಪರಾಜು ಮಾತ್ರ ಊರಿನಲ್ಲಿ ಸುದ್ದಿ ಹಬ್ಬಿಸಿ ಬಂದಿದ್ದ. ಕಂಪನಿಯವರು ಬೆರಕೆ ಮಾಲು ಕೊಟ್ಟಿದ್ದಾರಂತೆ, ನಮ್ಮ ಮನೆಯವಳೇ ಕಂಡುಹಿಡಿದಳಂತೆ. ಮಂಗಳವಾರ ಟ್ರ್ಯಾಕ್ಟರು ಕಟ್ಟಿಕೊಂಡು ಕಾರ್ಖಾನೆ ಗೇಟಿಗೆ ಹೋಗುವುದೆಂದು ತೀರ್ಮಾನವೂ ಆಗಿತ್ತು.

ಶನಿವಾರ ಕಂಪನಿಯ ಮೊಹರು ಹಾಕಿದ ಡಬ್ಬಿ ಒಂದನ್ನು ಪೇಟೆಯ ಅಂಗಡಿಯಿಂದ ತಂದು ಕೊಳವೆಗೆ ಬಿಟ್ಟಳು. ಪರದೆಯ ಮೇಲೆ ಒಂದೇ ಶಿಖರ, ಬಲಗೈ. ಅದರ ಪಕ್ಕದಲ್ಲಿ ಗುಬುಟು ಕೂಡ ಇಲ್ಲ. ಇದೊಂದು ಡಬ್ಬಿಯ ಮಾಲು ಸರಿಯಿರಬಹುದು ಎಂದುಕೊಂಡು, ತಮ್ಮ ತೋಟಕ್ಕೆ ಹೋದ ತಿಂಗಳು ಹೊಡೆದು ಉಳಿದಿದ್ದ ಅರ್ಧ ಡಬ್ಬಿಯನ್ನೇ ಬಿಟ್ಟಳು. ಅದೂ ಅಪ್ಪಟ ಬಲಗೈ.

ಮೂರನೇ ಸಲ ಬಿಟ್ಟಳು. ನಾಲ್ಕನೇ ಸಲ ಕೊಳವೆಯನ್ನೇ ಅನುಮಾನಿಸಿ ತೊಳೆದು ಬಿಟ್ಟಳು. ಕೊಳವೆ ತನ್ನ ಮಾತು ಬದಲಿಸಲಿಲ್ಲ. ಡಬ್ಬಿಯಲ್ಲಿ ಬಲಗೈ, ಗಿಡದಲ್ಲಿ ಎಡಗೈ. ನಡುವೆ ಎಲ್ಲೋ ಚಪ್ಪಲಿ ಅದಲುಬದಲಾಗುತ್ತಿತ್ತು. ಗಿಡವೇ ತಿರುಗಿಸುತ್ತಿದೆಯೇ? ಹಾಗಿದ್ದರೆ ಇದೇ ಔಷಧಿ ಹೊಡೆಯುವ ದ್ರಾಕ್ಷಿ ಸೀಮೆಯಲ್ಲೂ ಆಗಬೇಕಿತ್ತಲ್ಲ? ಹತ್ತು ದಿನದ ಹಿಂದೆ ಔಷಧಿ ಹೊಡೆದಿದ್ದ ಅಲ್ಲಿನ ಎಲೆಯನ್ನು ಅಂದೇ ಗೆಳತಿಯೊಬ್ಬಳಿಂದ ತರಿಸಿ ನೋಡಿದ್ದೂ ಆಯಿತು. ಬಲಗೈ ಮಾಯ, ಎಡಗೈಯ ಸುಳಿವೇ ಇಲ್ಲ. ಹುಣಸೆಗುಂಟೆಯಲ್ಲಿ ಮಾತ್ರ ಯಾಕೆ? ಈ ಊರಿಗೇನು ಮಾಟ ಮಾಡಿಸಿದ್ದಾರಾ?

*

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಔಷಧಿ ಹೊಡೆಯುವ ಕ್ಯಾನು ಇತ್ತು. ಊರಿಗೆಲ್ಲ ಅಂಥವು ಎರಡೇ, ಬೆಳೆಗಾರರ ಸಂಘದವು, ಮನೆಯಿಂದ ಮನೆಗೆ ಸರದಿಯ ಮೇಲೆ ಹೋಗುತ್ತವೆ. ಈ ಸಲದ ಸರದಿ ಎದುರುಮನೆ ಸಿದ್ದಲಿಂಗಯ್ಯನದು. ಅವನ ಮನೆಯಲ್ಲಿ ಸುಣ್ಣ ಮುಗಿದಿತ್ತೆಂದು ತೊಳೆಯಲು ಇಲ್ಲಿಗೆ ತಂದಿದ್ದ.

ಹೊಂಬಾಳಮ್ಮ ಗುಡಾಣದಿಂದ ಸುಣ್ಣದ ತಿಳಿ ಬಗ್ಗಿಸಿ ಕ್ಯಾನಿಗೆ ಹಾಕಿ, ಮುಚ್ಚಿ, ಮಗುವನ್ನು ಆಡಿಸುವ ಹಾಗೆ ಗಡಗಡ ಕುಲುಕಿ ಚೆಲ್ಲಿದಳು. ಒಳಗೆ ಬೆಳ್ಳನೆಯ ಪೊರೆ ಹಿಡಿದಿತ್ತು. ಸಿದ್ದಲಿಂಗಯ್ಯ ಅದಕ್ಕೇ ನೀರು ತುಂಬಿ ಬಲಭದ್ರ ಸುರಿದ.

"ಈಗ್ಲೇ ಹೊಡೀತೀರಾ ಸಿದ್ದಲಿಂಗಣ್ಣ?" ಎಂದಳು ವನಜಾಕ್ಷಿ ಕಾಫಿ ಲೋಟ ಹಿಡಿದು.

"ಇಲ್ಲ ಕಣವ್ವ. ಬಿಸಿಲು ತಗ್ಗಲಿ. ನೆಳ್ಳಾಗಿಟ್ಟಿರ್ತೀನಿ, ನಾಕು ಗಂಟೆಗೆ ಹೊಡ್ದ್ರಾಯ್ತು."

ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕು. ಎಂಟು ಗಂಟೆ ಕಾಲ ಔಷಧಿ ಸುಣ್ಣದೊಡನೆ ಕೂತಿರುತ್ತದೆ.

ವನಜಾಕ್ಷಿಯ ಕೈಯಲ್ಲಿದ್ದ ಲೋಟ ತಣ್ಣಗಾಯಿತು. ಸುಣ್ಣ ಕ್ಷಾರ. ಕ್ಷಾರ ಕೆಲವು ಅಣುಗಳಲ್ಲಿ ಒಂದು ಜಲಜನಕವನ್ನು ಕಿತ್ತು ಮತ್ತೆ ಕೊಡುತ್ತದೆ. ಕೊಡುವಾಗ ಎಡಕ್ಕೆ ಕೊಟ್ಟಿತೋ ಬಲಕ್ಕೆ ಕೊಟ್ಟಿತೋ ಅದಕ್ಕೆ ಲೆಕ್ಕವಿಲ್ಲ. ಸಾಕಷ್ಟು ಹೊತ್ತು ಬಿಟ್ಟರೆ ಅರ್ಧ ಬಲಗೈ, ಅರ್ಧ ಎಡಗೈ. ಇದು ಓದಿದ ಪಾಠ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದ ಪಾಠ. ಜರಡಿ ಬೇರೆ ಮಾಡಿದ್ದನ್ನು ಊರಿನ ಸುಣ್ಣ ಮತ್ತೆ ಬೆರೆಸುತ್ತಿತ್ತು. ಬಲಗೈಯದನ್ನು ಮಣ್ಣು ತಿನ್ನುತ್ತಿತ್ತು, ಎಡಗೈಯದು ರೆಂಬೆಯಲ್ಲಿ, ಮಣ್ಣಿನಲ್ಲಿ, ಒಂದು ಸಿಂಪಡಣೆಯ ಮೇಲೊಂದು ಸಿಂಪಡಣೆಯಾಗಿ ಹನ್ನೊಂದು ವರ್ಷದಿಂದ ಸೇರುತ್ತ ಬಂದು, ಮೂರು ವರ್ಷದ ಹಿಂದೆ ಹುಳುವಿಗೆ ತಾಗುವಷ್ಟಾಗಿತ್ತು. ದ್ರಾಕ್ಷಿ ಸೀಮೆಯವರು ಕ್ಯಾನಿಗೆ ಸುಣ್ಣ ಹಾಕುವುದಿಲ್ಲ. ರೇಷ್ಮೆಯವರು ಸುಣ್ಣವಿಲ್ಲದೆ ಉಸಿರಾಡುವುದಿಲ್ಲ.

"ಅತ್ತೆಮ್ಮ," ಎಂದಳು. "ಸುಣ್ಣ ಹಾಕಿದ್ಮೇಲೆ ಒಳ್ಳೆ ನೀರಲ್ಲಿ ಒಂದ್ಸಲ ತೊಳೆಯೋದಲ್ವಾ?"

ಹೊಂಬಾಳಮ್ಮ ಸೊಸೆಯನ್ನು ವಿಚಿತ್ರವಾಗಿ ನೋಡಿದಳು. "ತೊಳೀಬಾರ್ದು ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

ಸಾಕಣೆ ಮನೆಯ ಬಾಗಿಲಿಗೆ ಅಂಟಿಸಿದ್ದ ಕರಪತ್ರದ ಕಡೆಗೆ ಅವಳ ಬೆರಳು ಹೋಯಿತು. ಹದಿನಾರು ವರ್ಷದ ಹಿಂದೆ ಊರಿನ ಹುಳುಗಳಿಗೆ ಹಾಲು ರೋಗ ಬಂದು ತಟ್ಟೆ ತಟ್ಟೆಯೇ ಕೊಳೆತು ನಾರಿತ್ತು. ಹಂಚಿಕೊಂಡು ಬಳಸುವ ಕ್ಯಾನಿನ ಮೂಲಕ ರೋಗ ತೋಟದಿಂದ ತೋಟಕ್ಕೆ ಹೋಗುತ್ತಿದೆ ಎಂದು ಕಂಡುಹಿಡಿದವಳು ಕೆಲಸಕ್ಕೆ ಸೇರಿ ಆಗ ನಾಲ್ಕೇ ವರ್ಷವಾಗಿದ್ದ ವನಜಾಕ್ಷಿ. ಬರೆದವಳೂ ಅವಳೇ. ನಾಲ್ಕನೇ ಸಾಲು ಸುಣ್ಣದ ಕಲೆಯ ನಡುವೆಯೂ ಸ್ಪಷ್ಟವಾಗಿತ್ತು: ಔಷಧಿ ಬೆರೆಸುವ ಮುನ್ನ ಕ್ಯಾನನ್ನು ಸುಣ್ಣದ ತಿಳಿಯಲ್ಲಿ ಕುಲುಕಿ ಚೆಲ್ಲಿ. ಮತ್ತೆ ನೀರಿನಲ್ಲಿ ತೊಳೆಯಬೇಡಿ, ನೀರಿನಿಂದ ರೋಗ ಮರಳುತ್ತದೆ. ಕೆಳಗೆ ಅವಳ ಹೆಸರು.

ರೋಗ ನಿಂತಿತ್ತು. ಊರು ಅವಳನ್ನು ಹೊತ್ತು ಮೆರೆಸಿತ್ತು. ಓದು ಬಾರದ ಹೊಂಬಾಳಮ್ಮ ಆ ನಾಲ್ಕು ಸಾಲನ್ನು ಕೇಳಿ ಬಾಯಿಪಾಠ ಮಾಡಿ, ಮನೆಮನೆಗೆ ಹೋಗಿ ಒಪ್ಪಿಸಿದ್ದಳು. ಆಗ ಊರವರು ಹೊಡೆಯುತ್ತಿದ್ದ ಬೇರೆ ಔಷಧಿಗೆ ಎಡ ಬಲದ ಹಂಗಿರಲಿಲ್ಲ, ಸುಣ್ಣ ಅದನ್ನು ಏನೂ ಮಾಡುತ್ತಿರಲಿಲ್ಲ. ಆಮೇಲೆ ಔಷಧಿ ಬದಲಾಯಿತು. ಕರಪತ್ರ ಬಾಗಿಲಲ್ಲೇ ಉಳಿಯಿತು.

"ಸಿದ್ದಲಿಂಗಣ್ಣ," ಎಂದಳು ವನಜಾಕ್ಷಿ, "ಆ ಕ್ಯಾನು ಹೊಡೀಬೇಡಿ. ಕೈ ಮುಗೀತೀನಿ, ನಾನು ಹೇಳೋವರ್ಗೂ ಹಂಗೇ ಇಟ್ಟಿರಿ." ಅದರಿಂದ ಒಂದು ಸೀಸೆಯಷ್ಟನ್ನು ಬಗ್ಗಿಸಿಕೊಂಡಳು.

*

ಸೋಮವಾರ ಪರದೆಯ ಮೇಲೆ ಎರಡು ಶಿಖರಗಳು ಎದ್ದವು, ಅಳತೆ ಮಾಡಿ ಕತ್ತರಿಸಿದ ಹಾಗೆ ಸರಿಸಮ.

ಇನಾಮದಾರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅವಳು ಎಲ್ಲವನ್ನೂ ಹೇಳಿದಳು, ಕರಪತ್ರದ ನಾಲ್ಕನೇ ಸಾಲನ್ನೂ ಸೇರಿಸಿ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನೋಡ್ರಿ ವನಜಾಕ್ಷಿಯವರ. ನಿಮ್ಮ ಪತ್ರ ಇಲಾಖೆಗೆ ಮುಟ್ಯದ. ಮ್ಯಾಲಿನವರಿಗೆ ಅದು ಚೊಲೋ ಅನಿಸ್ಯದ. ಕಂಪನಿಗೆ ನೋಟಿಸ್ ಕೊಡಾಕ ತಯಾರ್ ಆಗ್ಯಾರ. ಬಲಭದ್ರ ನಿಂತ್ರ ನಿಮ್ಮ ಊರಾಗ ಯಾರೂ ಹೊಡ್ಯಂಗಿಲ್ಲ, ಹುಳಾನೂ ಉಳೀತಾವ. ಕೆಲಸ ಆಗ್ತದಲ್ಲ? ಈ ಸುಣ್ಣದ ಸುದ್ದಿ ಯಾಕ ಬೇಕು?"

"ಕಂಪನಿಯವರು ತಪ್ಪು ಮಾಡಿಲ್ಲ ಸರ್."

"ಅವರೇನು ಸಣ್ಣ ಹುಡುಗರಲ್ಲರಿ, ವಕೀಲರನ್ನ ಇಟ್ಕೊಂಡಾರ. ನಿಮ್ಮ ಹತ್ರ ಯಾರದಾರ?"

ಈ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಇದ್ದಿದ್ದರೆ ಎದ್ದು ಹೋಗುವುದು ಸುಲಭವಾಗುತ್ತಿತ್ತು. ಒಂದು ಗಳಿಗೆ ವನಜಾಕ್ಷಿ ಆ ದಾರಿಯನ್ನು ನೋಡಿದಳು. ನೆರಳಿದ್ದ ದಾರಿ. ಊರು ಇನ್ನೊಮ್ಮೆ ಹೊತ್ತು ಮೆರೆಸುತ್ತಿತ್ತು. ಆಮೇಲೆ ನಾಳಿದ್ದು ಇನ್ನೊಂದು ಬಲಗೈ ಔಷಧಿ ಬರುತ್ತದೆ, ಊರವರು ಅದನ್ನೂ ಸುಣ್ಣ ಕುಲುಕಿದ ಕ್ಯಾನಿಗೇ ಸುರಿಯುತ್ತಾರೆ. ಬಾಗಿಲಲ್ಲಿ ಅವಳ ಹೆಸರಿದೆಯಲ್ಲ.

"ನಮೂನೆ ಕೊಡಿ ಸರ್."

"ಕಾಲಮ್ ಇಲ್ಲ ಅಂದೆನಲ್ಲ."

"ಕಾರಣ ಅನ್ನೋ ಕಾಲಮ್ ಇದೆ." ಅವಳು ಬರೆದಳು: ಇಲಾಖೆಯ ಕರಪತ್ರದ ನಾಲ್ಕನೇ ಸಾಲು. ಬರೆದವರು ಎಂಬಲ್ಲಿ ತನ್ನ ಹೆಸರನ್ನೇ ಬರೆದು ಸಹಿ ಹಾಕಿದಳು. ಒಂದೇ ಕಾಗದದಲ್ಲಿ ಆರೋಪಿಯೂ ಅವಳೇ, ಸಾಕ್ಷಿಯೂ ಅವಳೇ. ಇನಾಮದಾರರು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಕಡತದೊಳಗೆ ಇಟ್ಟರು. "ಮೂರು ತಿಂಗಳು ಹಿಡೀತದ ಮ್ಯಾಲಿಂದ ಉತ್ತರ ಬರಾಕ," ಎಂದರು. ಹುಳುವಿಗೆ ಮೂರು ದಿನವೂ ಇರಲಿಲ್ಲ.

*

ಮಂಗಳವಾರ ಸಂಘದ ಮುಂದೆ ಟ್ರ್ಯಾಕ್ಟರುಗಳು ನಿಂತಿದ್ದವು. ವನಜಾಕ್ಷಿ ಕಚೇರಿಗೆ ರಜೆ ಹಾಕಿ ಅಲ್ಲಿಗೆ ಹೋದಳು. ಜನ ದಾರಿ ಬಿಟ್ಟರು, ಯಾರೋ ಕುರ್ಚಿಯನ್ನೂ ಹಾಕಿದರು. ಅವಳು ಕೂರಲಿಲ್ಲ. ಡಬ್ಬಿಯಲ್ಲಿ ತಪ್ಪಿಲ್ಲ, ಸುಣ್ಣದಲ್ಲಿ ಬೆರೆಸಿ ಇಟ್ಟಿದ್ದರಿಂದ ಹೀಗಾಯಿತು, ತೊಳೆಯಬೇಡಿ ಎಂದವಳು ನಾನೇ ಎಂದು ಹೇಳಿದಳು. ಚಪ್ಪಲಿ ಕಳಚಿ ಎಡ ಬಲ ತೋರಿಸಿಯೂ ವಿವರಿಸಿದಳು.

ಗುಂಪಿನ ಹಿಂದಿನಿಂದ ಒಂದು ದನಿ ಬಂತು: "ಕಂಪನಿಯೋರು ಎಷ್ಟು ಕೊಟ್ಟು ಬಾಯಿ ಮುಚ್ಚಿಸಿದ್ರೋ."

ಕೆಂಪರಾಜು ಆ ಕಡೆ ನುಗ್ಗಲು ಹೋದ. ಅವಳು ತೋಳು ಹಿಡಿದುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ನಿಜ ಹೇಳಿದ್ದಕ್ಕೆ ಸುಳ್ಳಿ ಅನ್ನಿಸಿಕೊಂಡಿದ್ದು ತಡೆಯಲಾಗಲಿಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಬಂತು. ಒಬ್ಬೊಬ್ಬರಾಗಿ ಚದುರಿದರು. ಟ್ರ್ಯಾಕ್ಟರುಗಳು ಹೋಗಲಿಲ್ಲ, ಆದರೆ ಯಾರೂ ಹೂಂ ಎಂದೂ ಅನ್ನಲಿಲ್ಲ.

ಮನೆಗೆ ಬಂದವಳೇ ಅಡುಗೆ ಮನೆಯ ಚಾಕು ತೆಗೆದುಕೊಂಡು ಸಾಕಣೆ ಮನೆಯ ಬಾಗಿಲ ಮುಂದೆ ನಿಂತು ಕರಪತ್ರವನ್ನು ಕೆರೆಯತೊಡಗಿದಳು. ಹದಿನಾರು ವರ್ಷದ ಗೋಂದು, ಸುಣ್ಣ, ಹಟ. ಮೂಲೆ ಮಾತ್ರ ಎದ್ದಿತು.

"ಏನ್ ಮಾಡ್ತಿದೀಯೆ?" ಹೊಂಬಾಳಮ್ಮ ಒಳಗಿನಿಂದ ಕೂಗಿದಳು. "ಸದ್ದು ಮಾಡ್ಬೇಡ. ಕಾಲದ್ದಿ ಒಳಕ್ಕೆ ಬಾ."

ಒಳಗೆ ಐದು ತಟ್ಟೆಗಳು ಖಾಲಿಯಾಗಿದ್ದವು. ತೊಳೆದು ಗೋಡೆಗೆ ಒರಗಿಸಿದ್ದಳು. ಸತ್ತವನ್ನು ಎಲ್ಲಿ ಹಾಕಿದರೆಂದು ವನಜಾಕ್ಷಿ ಕೇಳಲಿಲ್ಲ. ಆರನೆಯದರಲ್ಲಿ ಕೋಡಿ ಮರದ ಒರಟು ಸೊಪ್ಪು ಅರ್ಧಕ್ಕರ್ಧ ಹಾಗೇ ಬಿದ್ದಿತ್ತು. ಮೇಲೆ ಒಂದು ಹುಳು ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಮೈ ತಿಳಿಯಾಗಿತ್ತು, ಬೆಳಕು ಆಚೆ ಹಾಯುತ್ತಿತ್ತು.

"ಬೆಳಿಗ್ಗೆಯಿಂದ ಆರನೇದು," ಎಂದಳು ಹೊಂಬಾಳಮ್ಮ ಪಿಸುದನಿಯಲ್ಲಿ. ಹುಳುವನ್ನು ಎತ್ತಿ ಚಂದ್ರಿಕೆಯ ಸುರುಳಿಗೆ ಬಿಟ್ಟಳು. ಅದು ಅಲ್ಲೇ ಎರಡು ಸಲ ಸುತ್ತಿ, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಮೊದಲ ಎಳೆ ಬಿಟ್ಟಿತು. ಹಳದಿ ಎಳೆ.

ಇನ್ನೂರು ಹುಳುಗಳಲ್ಲಿ ಕಟ್ಟಿದ್ದು ಹತ್ತೊಂಬತ್ತು. ಉಳಿದವು ಶುಕ್ರವಾರದೊಳಗೆ ಸತ್ತವು. ಆರನೇ ದಿನ ಹೊಂಬಾಳಮ್ಮ ಗೂಡುಗಳ ತುದಿ ಕತ್ತರಿಸಿ, ಒಳಗಿನ ಕೋಶಗಳನ್ನು ಅಂಗೈಗೆ ಉದುರಿಸಿಕೊಂಡು ದಪ್ಪ ಸಣ್ಣ ನೋಡಿ ಬೇರೆ ಮಾಡಿದಳು. ಹದಿನಾಲ್ಕು ಹೆಣ್ಣು, ಐದು ಗಂಡು. "ಒಂದೊಂದು ಗಂಡನ್ನ ಎರಡ್ಮೂರು ಹೆಣ್ಗೆ ಬಿಟ್ರಾಯ್ತು. ಸಾಕು ಕಣೆ," ಎಂದಳು.

ಮತ್ತೆ ಚಾಕು ಹಿಡಿದು ಬಾಗಿಲ ಬಳಿ ಹೋದಾಗ ಅತ್ತೆ ಅವಳ ಕೈಯಿಂದ ಅದನ್ನು ಕಿತ್ತುಕೊಂಡಳು.

"ಕೀಳಬೇಡ. ಆವಾಗ ಅದು ಊರು ಉಳಿಸ್ತು. ಕೆಳಗಡೆ ಇನ್ನೊಂದು ಸಾಲು ಬರಿ. ಬರೆದು ನಂಗೆ ಓದಿ ಹೇಳು, ಬಾಯಿಪಾಠ ಮಾಡ್ಕೋತೀನಿ."

ವನಜಾಕ್ಷಿ ಬರೆದಳು: ಸುಣ್ಣ ಹಾಕಿ ಕುಲುಕಿದ ಮೇಲೆ ಕಾಯಿಸಿ ಆರಿಸಿದ ನೀರಿನಲ್ಲಿ ಮೂರು ಸಲ ತೊಳೆಯಿರಿ. ಆಮೇಲೆ ಔಷಧಿ ಬೆರೆಸಿ, ಬೆರೆಸಿದ ಕೂಡಲೇ ಹೊಡೆಯಿರಿ. ಕೆಳಗೆ ಹೆಸರು, ತಾರೀಖು. ಹಳೆಯದಕ್ಕೆ ತಾರೀಖು ಹಾಕಿರಲಿಲ್ಲ ಎಂದು ಅವಳು ಗಮನಿಸಿದ್ದು ಆಗಲೇ.

ಇಬ್ಬರೂ ಮೊದಲು ಎದುರುಮನೆಗೆ ಹೋದರು. ಹೊಂಬಾಳಮ್ಮ ತಪ್ಪಿಲ್ಲದೆ ಒಪ್ಪಿಸಿದಳು. ಸಿದ್ದಲಿಂಗಯ್ಯ ಜಗುಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಕ್ಯಾನು ಇನ್ನೂ ಅವನ ಮನೆಯ ನೆರಳಲ್ಲೇ ಇತ್ತು, ಹೊಡೆದಿರಲಿಲ್ಲ.

"ಆವತ್ತು ತೊಳೀಬೇಡಿ ಅಂದ್ರಿ, ತೊಳೀಲಿಲ್ಲ," ಎಂದ. "ಇವತ್ತು ತೊಳೀರಿ ಅಂತೀರ, ತೊಳೀತೀವಿ. ನಾಳೆ ಏನಂತೀರವ್ವ?"

ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ್ದ.

"ಗೊತ್ತಿಲ್ಲ ಸಿದ್ದಲಿಂಗಣ್ಣ," ಎಂದಳು ವನಜಾಕ್ಷಿ. "ಔಷಧಿ ಬದಲಾದಾಗೆಲ್ಲ ಬಂದು ಹೇಳ್ಬೇಕಿತ್ತು ನಾನು. ಹನ್ನೊಂದು ವರ್ಷ ಬರಲಿಲ್ಲ."

ಅವನು ಎದ್ದು, ಒಳಗಿನಿಂದ ಒಂದು ಸೀಮೆಸುಣ್ಣದ ತುಂಡು ತಂದು ಅವಳ ಕೈಗಿಟ್ಟ.

"ನಮ್ಮ ಬಾಗಿಲ ಮೇಲೂ ಬರಿ. ತಾರೀಖು ಹಾಕು," ಎಂದ.

ಇನ್ನು ಮೂವತ್ತೆಂಟು ಬಾಗಿಲು ಉಳಿದಿದ್ದವು.